ವಸ್ತುಪ್ರಧಾನ ಭಾಷೆಗಳು: ಆರಂಭಿಕರ ಕೆಲವು ಪ್ರಶ್ನೆಗಳು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಗಣಕಯಂತ್ರದ ಭಾಷೆಗಳನ್ನು ಕುರಿತ ಲೇಖನವೇಕೆ ಎಂದು ಕೆಲವರಿಗಾದರೂ ಅನ್ನಿಸದಿರದು. ಕಾರಣ ಸರಳವಾದುದು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಸಾಹಿತ್ಯಗಳನ್ನು ಓದುತ್ತಿರುವ ನಮ್ಮಲ್ಲಿ ಅನೇಕರು ಇಂದು ಐಚ್ಛಿಕ ವಿಷಯವಾಗಿಯೋ ಸಂಜೆಯ ತರಗತಿಗಳಲ್ಲಿಯೋ ಜಾವಾ, ಪೈಥಾನ್, ಸಿ ಪ್ಲಸ್ ಪ್ಲಸ್ ಎಂಬ ಭಾಷೆಗಳ ಪರಿಚಯ ಮಾಡಿಕೊಳ್ಳುತ್ತಿದ್ದಾರೆ. ಅಲ್ಲಿ ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂಬ ಮಾತುಗಳು ಬೇಗನೆ ಎದುರಾಗುತ್ತವೆ. ಇಂಗ್ಲಿಷಿನ ವ್ಯಾಖ್ಯೆಯನ್ನು ಕಂಠಪಾಠ ಮಾಡಿ ಅಂಕ ಪಡೆಯುವುದು ಕಷ್ಟವಲ್ಲ. ಆದರೆ ತನಗೆ ಅರ್ಥವಾಗಿಲ್ಲವೆಂಬುದು ವಿದ್ಯಾರ್ಥಿಯ ಮನಸ್ಸಿಗೆ ಗೊತ್ತಿರುತ್ತದೆ. ಕೇಳಿದರೆ ಪಕ್ಕದವರು ನಕ್ಕಾರೆಂಬ ಸಂಕೋಚ. ಕೇಳದಿದ್ದರೆ ಮುಂದಿನ ಪಾಠ ಹತ್ತದು. ಕಡೆಗೆ "ಇದು ನಮ್ಮಂಥವರಿಗಲ್ಲ" ಎಂದು ತರಗತಿಯನ್ನೇ ಬಿಟ್ಟವರನ್ನು ನಾನು ಬಲ್ಲೆ. ಅಂಥವರು ಬಾಯಿಬಿಟ್ಟು ಕೇಳದ, ಅಥವಾ ಕಾಲೇಜಿನ ಮೆಟ್ಟಿಲ ಮೇಲೆ ಕುಳಿತಾಗ ಮೆಲ್ಲಗೆ ಕೇಳಿದ ಪ್ರಶ್ನೆಗಳನ್ನು ಒಂದೆಡೆ ಸೇರಿಸಿ, ನನಗೆ ತಿಳಿದಮಟ್ಟಿಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ನಾನು ವಿಮಾನಪುರದ ನಿವಾಸಿ. ೧೯೪೦ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಿಂದಲೇ ಈ ಊರಿಗೆ ಈ ಹೆಸರು. ಪುಸ್ತಕಗಳಲ್ಲಿ ಬರುವ ನಾಯಿ, ಬೆಕ್ಕು, ಬ್ಯಾಂಕ್ ಖಾತೆಗಳ ಉದಾಹರಣೆಗಳನ್ನು ಬಿಟ್ಟು, ನಮ್ಮ ತಲೆಯ ಮೇಲೆ ಹಾರುವ ಯಂತ್ರಗಳಿಂದಲೇ ಉದಾಹರಣೆಗಳನ್ನು ಆರಿಸಿಕೊಳ್ಳುತ್ತೇನೆ. ಯಂತ್ರವನ್ನು ಕಟ್ಟುವವರಿಗೂ ಪ್ರೋಗ್ರಾಂ ಬರೆಯುವವರಿಗೂ ಎದುರಾಗುವ ತೊಡಕು ಒಂದೇ ಬಗೆಯದು: ನೂರಾರು ಭಾಗಗಳನ್ನು ನೂರಾರು ಜನ ಬೇರೆ ಬೇರೆಯಾಗಿ ಮಾಡುತ್ತಾರೆ, ಅವೆಲ್ಲ ಕೂಡಿ ಒಂದಾಗಿ ನಡೆಯಬೇಕು, ನಾಳೆ ಒಂದು ಭಾಗ ಬದಲಾದರೆ ಉಳಿದವು ಕೆಡಬಾರದು.

ಈ ಬಗೆಯ ಭಾಷೆಗಳ ಹುಟ್ಟೂ ಇಂಥ ಅಗತ್ಯದಿಂದಲೇ ಆದುದು. ನಾರ್ವೆ ದೇಶದ ಓಸ್ಲೋ ನಗರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಎಂಬಿಬ್ಬರು ಹೊರಜಗತ್ತಿನ ವ್ಯವಹಾರಗಳನ್ನು ಗಣಕಯಂತ್ರದಲ್ಲಿ ಅನುಕರಿಸಿ ನೋಡುವುದಕ್ಕಾಗಿ ಸಿಮ್ಯುಲಾ ಎಂಬ ಭಾಷೆಯನ್ನು ರಚಿಸಿದರು. ೧೯೬೭ರ ಸಿಮ್ಯುಲಾದಲ್ಲಿ ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಮೂರೂ ಕಾಣಿಸಿಕೊಂಡವು. ಬಳಿಕ ಅಮೆರಿಕದಲ್ಲಿ ಅಲನ್ ಕೇ ಮತ್ತು ಅವರ ಸಂಗಡಿಗರು ಸ್ಮಾಲ್‌ಟಾಕ್ ಭಾಷೆಯನ್ನು ಬೆಳೆಸಿದರು. ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅವರ ಸಿ ಪ್ಲಸ್ ಪ್ಲಸ್ ೧೯೮೫ರಲ್ಲಿ ಮಾರುಕಟ್ಟೆಗೆ ಬಂದಿತು. ಪೈಥಾನ್ ೧೯೯೧ರಲ್ಲಿಯೂ ಜಾವಾ ೧೯೯೫ರಲ್ಲಿಯೂ ಹೊರಬಂದವು. ಇನ್ನು ಪ್ರಶ್ನೆಗಳಿಗೆ ಬರೋಣ.

೧. ಕ್ಲಾಸ್ ಬೇರೆ, ಆಬ್ಜೆಕ್ಟ್ ಬೇರೆ ಎನ್ನುವುದೇಕೆ?

ಕನ್ನಡ ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ನದಿ, ಊರು, ಹುಡುಗ ಎಂಬುವು ರೂಢನಾಮಗಳು; ಕಾವೇರಿ, ಹಲಸೂರು, ರಾಮ ಎಂಬುವು ಅಂಕಿತನಾಮಗಳು. ನದಿಯಲ್ಲಿ ಮಿಂದೆನೆನ್ನುವವನು ಯಾವುದಾದರೊಂದು ನದಿಯಲ್ಲಿ ಮಿಂದಿರಲೇಬೇಕು. ನದಿಯೆಂಬ ಬರಿಯ ಕಲ್ಪನೆಯಲ್ಲಿ ಮುಳುಗಲು ಬಾರದು. ಕ್ಲಾಸ್ ಎಂಬುದು ರೂಢನಾಮದಂತೆ. ಆಬ್ಜೆಕ್ಟ್ ಎಂಬುದು ಆ ಹೆಸರಿಗೆ ಒಳಪಡುವ ಒಂದು ನಿಜವಾದ ವಸ್ತು.

ಕಾರ್ಖಾನೆಯ ಮಾತಿನಲ್ಲಿ ಹೇಳುವುದಾದರೆ, ಧ್ರುವ ಹೆಲಿಕಾಪ್ಟರಿನ ನಕ್ಷೆ ಒಂದೇ. ಆ ನಕ್ಷೆಯಂತೆ ಕಟ್ಟಿದ ಯಂತ್ರಗಳು ಹಲವು. ನಕ್ಷೆಯ ಮೇಲೆ ಕುಳಿತು ಯಾರೂ ಹಾರಲಾರರು. ಪ್ರತಿಯೊಂದು ಯಂತ್ರದ ಬಾಲದ ಮೇಲೂ ಅದರದೇ ಸಂಖ್ಯೆ, ಅದರ ಹೊಟ್ಟೆಯಲ್ಲಿ ಅದರದೇ ಇಂಧನ. ಇದರಲ್ಲಿ ಇಂಧನ ಕಡಮೆಯಾದರೆ ಅದರಲ್ಲಿ ಕಡಮೆಯಾಗದು. "ಇಂಧನ" ಎಂಬ ಅಂಕಣ ಇರಬೇಕೆಂದು ಹೇಳುವುದು ಕ್ಲಾಸ್. ಆ ಅಂಕಣದಲ್ಲಿ ಈಗ ಎಷ್ಟು ಇದೆಯೆಂಬುದು ಆಬ್ಜೆಕ್ಟಿನ ವಿಚಾರ. ವಸ್ತು ಮಾಡಬಲ್ಲ ಕೆಲಸಗಳಿಗೆ, ಅಂದರೆ ಏರು, ಇಳಿ, ತಿರುಗು ಎಂಬುವಕ್ಕೆ, ಮೆಥಡ್ ಎಂದು ಹೆಸರು.

ಇದರಿಂದ "ಸ್ಟ್ಯಾಟಿಕ್" ಎಂಬ ತೊಡಕಿನ ಮಾತೂ ಬಿಡಿಸಿಕೊಳ್ಳುತ್ತದೆ. ಈವರೆಗೆ ಕಟ್ಟಿದ ಧ್ರುವಗಳೆಷ್ಟು ಎಂಬ ಲೆಕ್ಕವನ್ನು ಯಾವ ಯಂತ್ರದೊಳಗೆ ಬರೆದಿಡಬೇಕು? ಯಾವುದರಲ್ಲಿಯೂ ಅಲ್ಲ, ಅದು ಕಾರ್ಖಾನೆಯ ದಾಖಲೆ ಪುಸ್ತಕಕ್ಕೆ ಸೇರಿದುದು. ಹೀಗೆ ಒಂದೊಂದು ವಸ್ತುವಿಗೆ ಸೇರದೆ ಇಡೀ ಕ್ಲಾಸಿಗೆ ಸೇರಿದುದೇ ಸ್ಟ್ಯಾಟಿಕ್.

೨. ಒಂದಕ್ಕೆ ಕೊಟ್ಟ ಬೆಲೆ ಇನ್ನೊಂದರಲ್ಲಿ ಬದಲಾದುದು ಹೇಗೆ?

ಆರಂಭಿಕರನ್ನು ಅತಿಯಾಗಿ ಗಾಬರಿಗೊಳಿಸುವ ಪ್ರಶ್ನೆ ಇದು. ಅ ಎಂಬ ಹೆಸರಿನಲ್ಲಿ ಒಂದು ಆಬ್ಜೆಕ್ಟನ್ನು ಮಾಡಿದೆವು; "ಆ ಎಂದರೆ ಅ" ಎಂದು ಬರೆದೆವು; ಬಳಿಕ ಆ ಮೂಲಕ ಇಂಧನವನ್ನು ಬದಲಿಸಿದರೆ ಅ ಕೂಡ ಬದಲಾಗಿ ಕಾಣುತ್ತದೆ. ಇದು ಯಂತ್ರದ ದೋಷವಲ್ಲ. ಜಾವಾ, ಪೈಥಾನ್‌ಗಳಲ್ಲಿ ಹಾಗೆ ಬರೆದಾಗ ಎರಡನೆಯ ವಸ್ತು ಹುಟ್ಟುವುದಿಲ್ಲ; ಇದ್ದ ವಸ್ತುವಿಗೆ ಎರಡನೆಯ ಹೆಸರು ಬರುತ್ತದೆ. ಮನೆಯಲ್ಲಿ ಪುಟ್ಟನೆನ್ನಿಸಿಕೊಂಡವನು ಹಾಜರಿ ಪುಸ್ತಕದಲ್ಲಿ ನಾಗರಾಜನಾಗಿರಬಹುದು. ಪುಟ್ಟನಿಗೆ ಜ್ವರ ಬಂದರೆ ನಾಗರಾಜನಿಗೂ ಬಂದಂತೆಯೇ. ಸಿ ಪ್ಲಸ್ ಪ್ಲಸ್‌ನಲ್ಲಿ ಮಾತ್ರ ಸಾಧಾರಣವಾಗಿ ಅದೇ ಬರೆವಣಿಗೆಯಿಂದ ವಸ್ತುವಿನ ಪ್ರತಿಯೊಂದು ತಯಾರಾಗುತ್ತದೆ. ಆದುದರಿಂದ ಹೊಸ ಭಾಷೆಯನ್ನು ಕಲಿಯುವಾಗ ಮೊದಲು ಕೇಳತಕ್ಕ ಪ್ರಶ್ನೆಗಳಲ್ಲಿ ಇದೂ ಒಂದು: ಇಲ್ಲಿ ಹೆಸರು ನಕಲಾಗುವುದೋ, ವಸ್ತು ನಕಲಾಗುವುದೋ?

೩. ಕನ್‌ಸ್ಟ್ರಕ್ಟರ್ ಏತಕ್ಕೆ ಬೇಕು?

ವಸ್ತುವು ಹುಟ್ಟುವಾಗಲೇ ನಡೆಯುವ ಮೆಥಡಿಗೆ ಕನ್‌ಸ್ಟ್ರಕ್ಟರ್ ಎಂದು ಹೆಸರು. ಜಾವಾ, ಸಿ ಪ್ಲಸ್ ಪ್ಲಸ್‌ಗಳಲ್ಲಿ ಅದಕ್ಕೆ ಕ್ಲಾಸಿನ ಹೆಸರೇ ಇರುತ್ತದೆ. ಅಂಕಣಗಳನ್ನು ಆಮೇಲೆ ಒಂದೊಂದಾಗಿ ತುಂಬಬಹುದಲ್ಲ, ಇದೇಕೆ ಎಂದು ಕೇಳುವುದುಂಟು. ಆಮೇಲೆ ತುಂಬುವುದೆಂದರೆ ಯಾರಾದರೊಬ್ಬರು ಒಂದನ್ನು ಮರೆಯುವುದೆಂದೇ ಅರ್ಥ. ಸಂಖ್ಯೆಯಿಲ್ಲದ, ತಪಾಸಣೆಯಾಗದ ಯಂತ್ರ ಹ್ಯಾಂಗರಿನಿಂದ ಹೊರಗೆ ಬರಕೂಡದು ಎಂಬ ನಿಯಮವಿದ್ದಂತೆ, ಅಗತ್ಯವಾದ ಬೆಲೆಗಳಿಲ್ಲದೆ ಯಾವ ವಸ್ತುವೂ ಹುಟ್ಟಕೂಡದು ಎಂಬ ನಿಯಮವನ್ನು ಕನ್‌ಸ್ಟ್ರಕ್ಟರ್ ಪಾಲಿಸುತ್ತದೆ.

೪. ನಾವು ನಾವೇ ಬರೆದುದರಲ್ಲಿ "ಪ್ರೈವೇಟ್" ಎಂಬ ಮುಚ್ಚುಮರೆ ಏಕೆ?

ಪ್ರೈವೇಟ್ ಎಂದರೆ ಕಳ್ಳರಿಂದ ಕಾಪಾಡುವ ಬೀಗವೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಇದು ಮರೆವಿನಿಂದಲೂ ತಪ್ಪು ಗ್ರಹಿಕೆಯಿಂದಲೂ ಕಾಪಾಡುವ ಬೇಲಿ.

ಒಂದು ನಿಜವಾದ ಪ್ರಸಂಗ ನೋಡಿ. ೧೯೮೩ನೆಯ ಇಸವಿ ಜುಲೈ ೨೩ರಂದು ಕೆನಡಾ ದೇಶದ ಬೋಯಿಂಗ್ ೭೬೭ ವಿಮಾನವೊಂದು ೪೧,೦೦೦ ಅಡಿ ಎತ್ತರದಲ್ಲಿ ಇಂಧನ ಮುಗಿದು ಎರಡು ಎಂಜಿನ್‌ಗಳನ್ನೂ ಕಳೆದುಕೊಂಡಿತು. ಇಂಧನದ ಮಾಪಕ ಕೆಟ್ಟಿದ್ದುದರಿಂದ ಕೈಯಲ್ಲಿ ಲೆಕ್ಕ ಹಾಕಿ ತುಂಬಿಸಿದ್ದರು. ವಿಮಾನಕ್ಕೆ ಬೇಕಾಗಿದ್ದುದು ಕಿಲೋಗ್ರಾಂ ಲೆಕ್ಕ. ಲೀಟರಿಗೆ ಸುಮಾರು ೦.೮ ಕಿಲೋಗ್ರಾಂ ಎಂದು ಹಿಡಿಯಬೇಕಾದಲ್ಲಿ, ಲೀಟರಿಗೆ ೧.೭೭ ಎಂಬ ಪೌಂಡಿನ ಲೆಕ್ಕ ಸೇರಿಕೊಂಡಿತು. ಫಲವಾಗಿ ಬೇಕಾದುದರ ಅರ್ಧಕ್ಕೂ ಕಡಮೆ ಇಂಧನ ಟ್ಯಾಂಕಿನಲ್ಲಿತ್ತು. ವಿಮಾನ ಚಾಲಕರ ಅಸಾಧಾರಣ ಕೌಶಲದಿಂದ ಅದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುಪಡೆಯ ನೆಲೆಯಲ್ಲಿ ತೇಲಿಕೊಂಡು ಇಳಿಯಿತು, ಪ್ರಾಣಹಾನಿಯಾಗಲಿಲ್ಲ.

ಇಂಧನವೆಂಬ ಅಂಕಣವನ್ನು ಎಲ್ಲರಿಗೂ ತೆರೆದಿಟ್ಟರೆ ಒಬ್ಬರು ಕಿಲೋಗ್ರಾಂ ಎಂದುಕೊಂಡು ಬರೆದಾರು, ಇನ್ನೊಬ್ಬರು ಪೌಂಡೆಂದುಕೊಂಡು ಓದಿಯಾರು. ಬರಿಯ ಅಂಕಿ ತಾನು ಏನೆಂಬುದನ್ನು ಹೇಳಿಕೊಳ್ಳಲಾರದು. ಅದನ್ನು ಮುಚ್ಚಿಟ್ಟು "ಇಷ್ಟು ಕಿಲೋಗ್ರಾಂ ತುಂಬಿಸು", "ಎಷ್ಟು ಕಿಲೋಗ್ರಾಂ ಇದೆ?" ಎಂಬ ಎರಡೇ ಬಾಗಿಲುಗಳನ್ನು ಇಟ್ಟರೆ, ತಪಾಸಣೆಗೆ ಒಂದು ಜಾಗ ದೊರೆಯುತ್ತದೆ. ತಪ್ಪನ್ನು ಇದು ಅಸಾಧ್ಯವಾಗಿಸದು. ಹುಡುಕಬೇಕಾದ ಜಾಗಗಳನ್ನು ನೂರರಿಂದ ಎರಡಕ್ಕೆ ಇಳಿಸುತ್ತದೆ. ಒಳಗಿನ ಲೆಕ್ಕದ ಕ್ರಮವನ್ನು ನಾಳೆ ಬದಲಿಸಿದರೂ ಹೊರಗಿನವರಿಗೆ ತಿಳಿಯಬೇಕಾಗಿಲ್ಲ. ಎನ್‌ಕ್ಯಾಪ್ಸುಲೇಶನ್ ಎಂಬ ದೊಡ್ಡ ಮಾತಿನ ಹುರುಳು ಇಷ್ಟೇ. ಜಾವಾ, ಸಿ ಪ್ಲಸ್ ಪ್ಲಸ್‌ಗಳಲ್ಲಿ ಈ ಬೇಲಿಯನ್ನು ಭಾಷೆಯೇ ಕಾಯುತ್ತದೆ. ಪೈಥಾನ್‌ನಲ್ಲಿ ಹೆಸರಿನ ಮುಂದೆ ಒಂದು ಅಡಿಗೆರೆ ಹಾಕಿ, ಮುಟ್ಟಬೇಡಿರೆಂದು ಸಜ್ಜನರಿಗೆ ಸೂಚನೆ ಕೊಡುವುದು ರೂಢಿ.

೫. ಯಾವಾಗ ಇನ್‌ಹೆರಿಟೆನ್ಸ್ ಮಾಡಬೇಕು?

ಒಂದು ಕ್ಲಾಸಿನ ಗುಣಗಳನ್ನೆಲ್ಲ ಇನ್ನೊಂದು ಪಡೆದು, ತನ್ನದೇ ಆದ ಕೆಲವನ್ನು ಸೇರಿಸಿಕೊಳ್ಳುವುದಕ್ಕೆ ಇನ್‌ಹೆರಿಟೆನ್ಸ್ ಎನ್ನುತ್ತಾರೆ. ಬರೆದುದನ್ನೇ ಮತ್ತೆ ಬರೆಯುವ ಶ್ರಮ ತಪ್ಪುತ್ತದೆಂದು ಆರಂಭಿಕರು ಎಲ್ಲೆಲ್ಲೂ ಇದನ್ನೇ ಬಳಸುತ್ತಾರೆ. ಇಲ್ಲಿ ನಮ್ಮ ಊರಿನ ಮೂರು ಹೆಲಿಕಾಪ್ಟರುಗಳು ಒಳ್ಳೆಯ ಪಾಠ ಹೇಳುತ್ತವೆ.

ಧ್ರುವ ಮೊದಲು ಹಾರಿದ್ದು ೧೯೯೨ರ ಆಗಸ್ಟ್ ೨೦ರಂದು. ಅದೇ ಯಂತ್ರಕ್ಕೆ ಫಿರಂಗಿ, ರಾಕೆಟ್ ಮುಂತಾದ ಆಯುಧಗಳನ್ನು ಅಳವಡಿಸಿದ ರೂಪವೇ ರುದ್ರ. "ರುದ್ರವು ಒಂದು ಧ್ರುವ" ಎಂದರೆ ಮಾತು ಸರಿಯಾಗಿ ನಿಲ್ಲುತ್ತದೆ. ಇದು ಇನ್‌ಹೆರಿಟೆನ್ಸಿಗೆ ತಕ್ಕ ಸಂಬಂಧ. ಇನ್ನು ೨೦೧೦ರ ಮಾರ್ಚ್ ೨೯ರಂದು ಮೊದಲು ಹಾರಿದ ಹಗುರ ಯುದ್ಧ ಹೆಲಿಕಾಪ್ಟರ್ ಉಂಟು. ೨೦೨೨ರಲ್ಲಿ ಅದಕ್ಕೆ ಪ್ರಚಂಡ ಎಂದು ಹೆಸರಿಟ್ಟರು. ಶಕ್ತಿ ಎಂಬ ಎಂಜಿನ್, ರೋಟರ್ ವ್ಯವಸ್ಥೆ ಮುಂತಾದುವನ್ನು ಅದು ಧ್ರುವದೊಡನೆ ಹಂಚಿಕೊಂಡಿದೆ. ಆದರೆ ಒಡಲು ಬೇರೆ: ಕಿರಿದಾದ ಮೈ, ಒಬ್ಬರ ಹಿಂದೊಬ್ಬರು ಕೂರುವ ಇಬ್ಬರು ಚಾಲಕರು. "ಪ್ರಚಂಡವು ಒಂದು ಧ್ರುವ" ಎಂದರೆ, ರೋಗಿಯನ್ನು ಮಲಗಿಸಿ ಕೊಂಡೊಯ್ಯಲು ಧ್ರುವವನ್ನು ಕೇಳಿದವರಿಗೆ ಪ್ರಚಂಡವನ್ನು ಕಳುಹಿಸಬೇಕಾದೀತು! ಆದುದರಿಂದ ಇಲ್ಲಿ ಹೇಳತಕ್ಕದ್ದು "ಪ್ರಚಂಡದಲ್ಲಿ ಶಕ್ತಿ ಎಂಜಿನ್ ಇದೆ, ಧ್ರುವದಲ್ಲಿಯೂ ಇದೆ" ಎಂದು. ಇದಕ್ಕೆ ಕಾಂಪೊಸಿಶನ್ ಎಂದು ಹೆಸರು. "ಆಗಿದೆ" ಎನ್ನಬಹುದಾದರೆ ಇನ್‌ಹೆರಿಟೆನ್ಸ್. "ಇದೆ" ಎನ್ನಬೇಕಾದರೆ ಕಾಂಪೊಸಿಶನ್. ಒಂದು ವಾಕ್ಯ ಹೇಳಿ ನೋಡುವಷ್ಟು ಕನ್ನಡ ಬಂದರೆ ಇಷ್ಟು ಪರೀಕ್ಷೆ ಮಾಡಬಹುದು.

೧೯೮೭ರಲ್ಲಿ ಬಾರ್ಬರಾ ಲಿಸ್ಕೋವ್ ಎಂಬ ವಿದುಷಿ ಈ ಪರೀಕ್ಷೆಯನ್ನು ಇನ್ನೂ ಬಿಗಿಯಾಗಿ ಹೇಳಿದರು. ಅದರ ಸಾರ ಹೀಗಿದೆ: ಮೂಲ ಕ್ಲಾಸಿನ ವಸ್ತುವನ್ನು ನಿರೀಕ್ಷಿಸುವ ಕಡೆಯಲ್ಲೆಲ್ಲ ಅದರಿಂದ ಹುಟ್ಟಿದ ಕ್ಲಾಸಿನ ವಸ್ತುವನ್ನಿಟ್ಟರೂ ಕೆಲಸ ಕೆಡಬಾರದು. ಅಂದರೆ ಮಗನಾದವನು ತಂದೆಯ ಆಸ್ತಿಯನ್ನು ಮಾತ್ರವಲ್ಲದೆ ತಂದೆ ಕೊಟ್ಟ ಮಾತನ್ನೂ ಹೊರಬೇಕು.

೬. ಓವರ್‌ಲೋಡಿಂಗ್, ಓವರ್‌ರೈಡಿಂಗ್ ಎರಡೂ ಒಂದೇ ಅಲ್ಲವೆ?

ಹೆಸರುಗಳು ಹತ್ತಿರದವಾದರೂ ಸಂಗತಿ ಬೇರೆ. ಕನ್ನಡದ "ಹಾಕು" ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳಿ. ಗಿಡಕ್ಕೆ ನೀರು ಹಾಕು, ಅಂಗಿ ಹಾಕು, ಬಾಗಿಲಿಗೆ ಬೀಗ ಹಾಕು. ಕ್ರಿಯಾಪದ ಒಂದೇ, ಜೊತೆಗೆ ಬಂದ ಕರ್ಮಪದವನ್ನು ನೋಡಿ ಯಾವ ಕೆಲಸವೆಂದು ತಿಳಿಯುತ್ತೇವೆ. ಒಂದೇ ಹೆಸರಿನ ಹಲವು ಮೆಥಡುಗಳಲ್ಲಿ, ಕೊಟ್ಟ ಪದಾರ್ಥಗಳ ಬಗೆಯನ್ನು ನೋಡಿ ಒಂದನ್ನು ಆರಿಸುವುದೇ ಓವರ್‌ಲೋಡಿಂಗ್. ಜಾವಾ, ಸಿ ಪ್ಲಸ್ ಪ್ಲಸ್‌ಗಳಲ್ಲಿ ಈ ಆಯ್ಕೆ ಪ್ರೋಗ್ರಾಂ ಓಡುವ ಮೊದಲೇ ಮುಗಿದಿರುತ್ತದೆ.

ಓವರ್‌ರೈಡಿಂಗ್ ಹಾಗಲ್ಲ. ನಿಯಂತ್ರಣ ಗೋಪುರದಿಂದ "ಮೇಲೇರು" ಎಂಬ ಅಪ್ಪಣೆ ಬಂದಿತೆನ್ನಿ. ತೇಜಸ್ ವಿಮಾನ ರನ್‌ವೇಯ ಮೇಲೆ ಓಡಿ ಏರುತ್ತದೆ. ಧ್ರುವ ನಿಂತಲ್ಲಿಂದಲೇ ಏರುತ್ತದೆ. ಅಪ್ಪಣೆ ಒಂದೇ, ಕೇಳಿದವರು ಬೇರೆಯಾದುದರಿಂದ ನಡೆ ಬೇರೆಯಾಯಿತು. ಗೋಪುರದವರು ಪ್ರತಿಯೊಂದಕ್ಕೂ "ನೀನು ಹೆಲಿಕಾಪ್ಟರೋ, ವಿಮಾನವೋ?" ಎಂದು ವಿಚಾರಿಸಿ ಬೇರೆ ಬೇರೆ ಅಪ್ಪಣೆ ಕೊಡುವ ಅಗತ್ಯವಿಲ್ಲ. ನಾಳೆ ಹೊಸ ಬಗೆಯ ಯಂತ್ರ ಬಂದರೂ ಗೋಪುರದ ನಿಯಮ ಬದಲಾಗದು. ಈ ಆಯ್ಕೆ ಪ್ರೋಗ್ರಾಂ ಓಡುತ್ತಿರುವಾಗ, ಎದುರಿಗಿರುವ ವಸ್ತುವನ್ನು ನೋಡಿ ಆಗುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಹೀಗಾಗಬೇಕಾದರೆ ಮೂಲ ಕ್ಲಾಸಿನಲ್ಲಿ ಆ ಮೆಥಡಿಗೆ "ವರ್ಚುಯಲ್" ಎಂದು ಬರೆದಿರಬೇಕು. ಪಾಲಿಮಾರ್ಫಿಸಂ, ಅಂದರೆ ಬಹುರೂಪತೆ, ಎಂದು ಮುಖ್ಯವಾಗಿ ಕರೆಯುವುದು ಇದನ್ನೇ.

೭. ಆಬ್‌ಸ್ಟ್ರಾಕ್ಟ್ ಕ್ಲಾಸ್ ಮತ್ತು ಇಂಟರ್‌ಫೇಸ್‌ಗಳಿಗೆ ಏನು ವ್ಯತ್ಯಾಸ?

ಯಾವ ಕಾರ್ಖಾನೆಯೂ ಬರಿಯ "ಹಾರುವ ಯಂತ್ರ"ವನ್ನು ಕಟ್ಟುವುದಿಲ್ಲ. ಇಂಥದೇ ಒಂದನ್ನು ಕಟ್ಟುತ್ತದೆ. ಆದರೂ ಎಲ್ಲಕ್ಕೂ ಸಮಾನವಾದ ಅಂಶಗಳನ್ನು ಒಂದೆಡೆ ಬರೆದು, ಉಳಿದುದನ್ನು ಮುಂದಿನವರು ಪೂರ್ತಿಮಾಡಲೆಂದು ಬಿಟ್ಟ ಅರೆನಕ್ಷೆಯೇ ಆಬ್‌ಸ್ಟ್ರಾಕ್ಟ್ ಕ್ಲಾಸ್. ಇಂಟರ್‌ಫೇಸ್ ಎಂಬುದು ನಕ್ಷೆಯೇ ಅಲ್ಲ, ಕರಾರು. "ನನ್ನಲ್ಲಿ ಇಂಧನ ತುಂಬಿಸಬಹುದು" ಎಂಬ ಕರಾರಿಗೆ ವಿಮಾನವೂ ಸಹಿ ಹಾಕಬಹುದು, ರನ್‌ವೇಯ ಪಕ್ಕದ ಲಾರಿಯೂ ಹಾಕಬಹುದು. ಅವೆರಡೂ ಒಂದೇ ವಂಶಕ್ಕೆ ಸೇರಬೇಕಾಗಿಲ್ಲ. ಜಾವಾದಲ್ಲಿ ಒಂದು ಕ್ಲಾಸಿಗೆ ತಾಯಿ ಕ್ಲಾಸ್ ಒಂದೇ. ಕರಾರುಗಳು ಎಷ್ಟಾದರೂ ಇರಬಹುದು. ೨೦೧೪ರ ಎಂಟನೆಯ ಆವೃತ್ತಿಯಿಂದ ಇಂಟರ್‌ಫೇಸಿನಲ್ಲಿಯೂ ಮೆಥಡಿನ ಒಡಲನ್ನು ಬರೆದಿಡಲು ಅವಕಾಶವಾಗಿದೆ. ಆದರೂ ವಸ್ತುವಿನ ಸ್ಥಿತಿಯನ್ನು ಹಿಡಿದಿಡುವ ಅಂಕಣಗಳು ಅದಕ್ಕಿಲ್ಲ.

೮. ಇಷ್ಟನ್ನೆಲ್ಲ ಸರಿಯಾಗಿ ಬಳಸಿದರೆ ಪ್ರೋಗ್ರಾಂ ತಪ್ಪಿಲ್ಲದ್ದಾಗುವುದೆ?

ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಮಾರುತ ಎಂಬ ಯುದ್ಧವಿಮಾನದ ಕಥೆಯನ್ನು ನೋಡಿ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ವಿಮಾನಪುರದಲ್ಲಿ ರಚಿತವಾಗಿ ೧೯೬೧ರ ಜೂನ್ ೧೭ರಂದು ಅದು ಮೊದಲು ಹಾರಿತು. ಅದರ ಒಡಲನ್ನು ರಚಿಸಿದ್ದು ಹೆಚ್ಚು ಬಲದ ಆರ್ಫಿಯಸ್ ೧೨ ಎಂಬ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಎಂಜಿನ್ನಿನ ಯೋಜನೆ ವಿದೇಶದಲ್ಲಿ ನಿಂತುಹೋಯಿತು. ಕಡಮೆ ಬಲದ ಆರ್ಫಿಯಸ್ ೭೦೩ ಅಲ್ಲಿ ಕುಳಿತಿತು. ವಿಮಾನ ಹಾರಿತು, ಸೈನ್ಯದಲ್ಲಿ ಸೇವೆಯನ್ನೂ ಮಾಡಿತು, ಆದರೆ ಉದ್ದೇಶಿಸಿದ ವೇಗವನ್ನು ಮುಟ್ಟಲಿಲ್ಲ. ಜಾಗಕ್ಕೆ ಹೊಂದಿಕೊಂಡಿತೆಂದ ಮಾತ್ರಕ್ಕೆ ಮಾತು ನಡೆದಂತಾಗುವುದಿಲ್ಲ.

ಪ್ರೋಗ್ರಾಮಿಗೆ ಸಂಬಂಧಿಸಿದ ಉದಾಹರಣೆ ಇನ್ನೂ ಕಠೋರವಾದುದು. ವಿಮಾನ ಮುಂತಾದುವಕ್ಕಾಗಿ ಬಳಸುವ ಏಡಾ ಎಂಬ ಭಾಷೆಯೊಂದಿದೆ. ಕವಿ ಬೈರನ್ನನ ಮಗಳೂ ಗಣಕಯಂತ್ರದ ಇತಿಹಾಸದ ಆದಿಪುರುಷರ ಸಾಲಿನಲ್ಲಿ ನಿಲ್ಲತಕ್ಕ ಮಹಿಳೆಯೂ ಆದ ಏಡಾ ಲವ್‌ಲೇಸಳ ಹೆಸರು ಅದಕ್ಕೆ. (ತೇಜಸ್ಸನ್ನು ರೂಪಿಸಲು ೧೯೮೪ರಲ್ಲಿ ಸ್ಥಾಪಿತವಾದ ನಮ್ಮೂರಿನ ಸಂಸ್ಥೆಯ ಕಿರುಹೆಸರೂ ಅದೇ ಅಕ್ಷರಗಳದು, ಇದು ಕೇವಲ ಕಾಕತಾಳೀಯ.) ೧೯೯೬ರ ಜೂನ್ ೪ರಂದು ಯೂರೋಪಿನ ಏರಿಯಾನ್ ೫ ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು ೪೦ ಸೆಕೆಂಡುಗಳೊಳಗೆ ಒಡೆದು ನಾಶವಾಯಿತು. ಅದರ ದಿಕ್ಕು ತಿಳಿಸುವ ಉಪಕರಣದಲ್ಲಿ ಏರಿಯಾನ್ ೪ಕ್ಕಾಗಿ ಏಡಾ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನೇ ಬಳಸಿಕೊಂಡಿದ್ದರು. ಒಂದು ಬೆಲೆಯನ್ನು ೩೨,೭೬೭ಕ್ಕಿಂತ ಹೆಚ್ಚನ್ನು ಹಿಡಿಯಲಾರದ ಅಂಕಣಕ್ಕೆ ವರ್ಗಾಯಿಸುವ ಭಾಗ ಅದರಲ್ಲಿತ್ತು. ಹಳೆಯ ರಾಕೆಟ್ಟಿನ ಹಾರಾಟದಲ್ಲಿ ಆ ಮಿತಿ ಮೀರುವ ಸಂಭವವಿರಲಿಲ್ಲ. ಹೊಸದರ ಅಡ್ಡವೇಗ ಹೆಚ್ಚಾದುದರಿಂದ ಮೀರಿತು. ಮೀಸಲಾಗಿಟ್ಟ ಎರಡನೆಯ ಉಪಕರಣದಲ್ಲಿಯೂ ಅದೇ ಪ್ರೋಗ್ರಾಂ ಇದ್ದುದರಿಂದ ಅದೂ ಅದೇ ರೀತಿ ನಿಂತಿತು. ಹಳೆಯ ಪ್ರೋಗ್ರಾಂ ತನ್ನ ಕಾಲದಲ್ಲಿ ತಪ್ಪಾಗಿರಲಿಲ್ಲ. ಅದು ಯಾವ ಮಿತಿಯೊಳಗೆ ಸರಿಯೆಂಬ ಮಾತು ಮಾತ್ರ ಅದರೊಡನೆ ಹೊಸ ಮನೆಗೆ ಬರಲಿಲ್ಲ.

ಇಷ್ಟು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎಲ್ಲಕ್ಕೂ ತಳದಲ್ಲಿ ಒಂದೇ ಸಂಗತಿ ಕಾಣುತ್ತದೆ. ಕನ್‌ಸ್ಟ್ರಕ್ಟರ್ ಎಂಬುದು ಹುಟ್ಟುವಾಗ ಕೊಡುವ ಮಾತು. ಪ್ರೈವೇಟ್ ಎಂಬುದು ಎಷ್ಟು ಮಾತು ಕೊಡುವೆನೆಂಬುದರ ಎಲ್ಲೆ. ಇಂಟರ್‌ಫೇಸ್ ಬರಹದಲ್ಲಿಟ್ಟ ಮಾತು. ಇನ್‌ಹೆರಿಟೆನ್ಸ್ ಹಿರಿಯರ ಮಾತನ್ನು ತಲೆಯ ಮೇಲೆ ಹೊರುವುದು. ಭಾಷೆಯು ಮಾತಿನ ಆಕಾರವನ್ನು ಪರಿಶೀಲಿಸಬಲ್ಲುದು. ಅದರ ಅರ್ಥವನ್ನು ಪರಿಶೀಲಿಸಬೇಕಾದವರು ಮನುಷ್ಯರೇ. ಹೆಸರಿಗೆ ಅರ್ಥವೇನು, ವಾಕ್ಯ ನಿಲ್ಲುವುದೆ, ಹೇಳದೆ ಬಿಟ್ಟ ಊಹೆ ಯಾವುದು ಎಂದು ಕೇಳುವುದು ನಾವು ವ್ಯಾಕರಣದಲ್ಲಿಯೂ ತರ್ಕದಲ್ಲಿಯೂ ಇತಿಹಾಸದಲ್ಲಿಯೂ ದಿನವೂ ಮಾಡುವ ಅಭ್ಯಾಸವಲ್ಲವೆ?

ಆದುದರಿಂದ ಸೋದರ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಈ ವಿದ್ಯೆ ನಮ್ಮದಲ್ಲವೆಂದು ದೂರ ಸರಿಯಬೇಡಿರಿ. ಜಾವಾದಲ್ಲಿಯೂ ಪೈಥಾನ್‌ನ ಮೂರನೆಯ ಆವೃತ್ತಿಯಲ್ಲಿಯೂ ಕ್ಲಾಸುಗಳಿಗೆ, ಮೆಥಡುಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ಮೊದಲ ಅಭ್ಯಾಸವನ್ನು "ಹೆಲಿಕಾಪ್ಟರ್", "ಮೇಲೇರು" ಎಂಬ ಹೆಸರುಗಳಿಂದಲೇ ಮಾಡಿ ನೋಡಿ. ವ್ಯಾಖ್ಯೆಯನ್ನು ಉರುಹಚ್ಚುವ ಮೊದಲು "ಇಲ್ಲಿ ಯಾರು ಯಾರಿಗೆ ಏನು ಮಾತು ಕೊಟ್ಟಿದ್ದಾರೆ?" ಎಂದು ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಅಧ್ಯಾಪಕರ ಮುಂದೆ ಎದ್ದು ನಿಂತು ಕೇಳಿ. ಅಧ್ಯಾಪಕರಲ್ಲಿಯೂ ಒಂದು ಕೋರಿಕೆಯುಂಟು: ಅಂಥ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರ ಕೊಡಿರಿ. ಪಕ್ಕದ ಬೆಂಚಿನಲ್ಲಿ ಅದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕುಳಿತವರು ಇನ್ನೂ ನಾಲ್ವರು ಇರುತ್ತಾರೆ.